ಲಟ್ಟಣಿಗೆ ಹಿಡಿದವರ ಪಾಳಿ

ನಮ್ಮ ಕಡೆ ಮದುವೆಯಾದ ಗಂಡು ಹೊಸ ಹೆಂಡತಿಯನ್ನು ಕರೆದುಕೊಂಡು ಬಂದರೆ ನೆಟ್ಟಗೆ ಮನೆಯೊಳಗೆ ಹೋಗುವಂತಿಲ್ಲ. ಅವನ ಅಕ್ಕನೋ ತಂಗಿಯೋ ಬಾಗಿಲಿಗೆ ಅಡ್ಡ ನಿಂತಿರುತ್ತಾಳೆ. ನಿನಗೆ ಹುಟ್ಟುವ ಮಗಳನ್ನು ನನ್ನ ಮಗನಿಗೆ ಕೊಡುತ್ತೇನೆಂದು ಮಾತು ಕೊಡು, ಆಮೇಲೆ ದಾರಿ ಬಿಡುತ್ತೇನೆ ಅನ್ನುತ್ತಾಳೆ. ಅವನು ಹೂಂ ಅನ್ನಬೇಕು. ಅದಾದ ಮೇಲೆ ಗಂಡ ಹೆಂಡತಿ ಇಬ್ಬರೂ ಪ್ರಾಸ ಕಟ್ಟಿದ ಒಡಪಿನೊಳಗೆ ಒಬ್ಬರ ಹೆಸರನ್ನೊಬ್ಬರು ಹೇಳಬೇಕು. ಅಲ್ಲಿಯವರೆಗೆ ಎಂಥ ದೊಡ್ಡ ಮನುಷ್ಯರೇ ಬಂದಿರಲಿ, ಹೊಸ್ತಿಲ ಹೊರಗೆ. ಮುಹೂರ್ತ ಮೀರುತ್ತದೆಂದು ಪೂಜೆ ಮಾಡಿಸುವ ಐನೋರು ಎಷ್ಟು ಗೊಣಗಿದರೂ ಅವರೂ ಹೊರಗೆ.

ನನ್ನ ಅಣ್ಣ ಶಂಕ್ರಪ್ಪನ ಮದುವೆಯಲ್ಲಿ ಹಾಗೆ ಅಡ್ಡ ನಿಂತವಳು ನಾನು. ಬ್ಯಾಡಗಿಯ ಆ ಹಳೇ ಬಾಗಿಲಿಗೆ ಎರಡೂ ಕೈ ಚಾಚಿ, ಮಗಳನ್ನು ಕೊಡು ಅಂದೆ. ಕೊಟ್ಟೆ ಅಂದ. ಮುಂದೆ ನನಗೆ ಹುಟ್ಟಿದ್ದು ಎರಡೂ ಹೆಣ್ಣು. ಅಣ್ಣನಿಗೆ ಮೊದಲು ಶಶಿಕಾಂತ, ಆಮೇಲೆ ಕಾವ್ಯಾ. ಕಾವ್ಯಾಳಿಗೆ ಡೌನ್ ಸಿಂಡ್ರೋಮ್ ಇದೆ ಎಂದು ಹುಟ್ಟಿದ ವಾರದಲ್ಲೇ ಡಾಕ್ಟರು ಹೇಳಿದರು. ಬಾಣಂತಿಯನ್ನು ನೋಡಲು ಬಂದ ಹೆಂಗಸೊಬ್ಬಳು ಚಹಾ ಕುಡಿಯುತ್ತ, "ಛಲೋ ಆತು ಬಿಡು ನಾಗಲಕ್ಷ್ಮಿ, ನಿನಗ ಗಂಡುಮಗ ಇಲ್ಲ. ಇದ್ದಿದ್ರ ಇಕೀನ್ನ ಸೊಸಿ ಮಾಡ್ಕೋಬೇಕಾಗ್ತಿತ್ತು" ಅಂದಳು. ನಾನು ಅವಳ ಕೈಯಿಂದ ಕಪ್ಪು ಕಸಿದುಕೊಂಡು ಬಾಗಿಲು ತೋರಿಸಿದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಯಾವಾಗಲೂ. ಆದರೆ ಆ ಕೂಸು ನಾನು ಬಾಗಿಲಲ್ಲಿ ನಿಂತು ಕೇಳಿ ಪಡೆದದ್ದು. ಸೊಸೆಯಾಗದಿದ್ದರೆ ನನ್ನದಲ್ಲವೇನು?

ಈಗ ಅವಳಿಗೆ ಇಪ್ಪತ್ನಾಲ್ಕು. ನಾನು ಇರುವುದು ರಾಣೆಬೆನ್ನೂರಿನಲ್ಲಿ, ಬ್ಲೌಸ್ ಹೊಲಿಯುವ ಅಂಗಡಿ ಇಟ್ಟುಕೊಂಡು. ಅಣ್ಣನದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಅವರ ಮನೆಯಲ್ಲಿ ಎಲ್ಲರಿಗೂ ಬಾಯಿ ಜೋರು, ಮಾತು ಚುರುಕು. ಮಾರುಕಟ್ಟೆ ದಿನ ಅಪ್ಪ ಮಗ ಇಬ್ಬರೂ ಎರಡೆರಡು ಫೋನು ಕಿವಿಗೆ ಒತ್ತಿಕೊಂಡು ಒಟ್ಟಿಗೇ ಒದರುತ್ತಿರುತ್ತಾರೆ. ಅಂಥ ಮನೆಯಲ್ಲಿ ಕಾವ್ಯಾ ಉಗ್ಗುತ್ತಾಳೆ. ಮೊದಲ ಅಕ್ಷರ ಹಿಡಿದುಕೊಂಡುಬಿಡುತ್ತದೆ. ಕಣ್ಣು ಮುಚ್ಚುತ್ತಾಳೆ, ಕಾಲು ನೆಲಕ್ಕೆ ಬಡಿಯುತ್ತಾಳೆ, ಕುತ್ತಿಗೆಯ ನರ ಉಬ್ಬುತ್ತದೆ. ಅವಳ ಮಾತು ಹೊರಗೆ ಬರುವಷ್ಟರಲ್ಲಿ ಮನೆಯವರು ನಾಲ್ಕು ಮಾತು ಮುಗಿಸಿ ಎದ್ದು ಹೋಗಿರುತ್ತಾರೆ. ಶಶಿಕಾಂತನಿಗೆ ತಂಗಿ ಎಂದರೆ ಜೀವ. ಆದ್ದರಿಂದ ಅವನೇ ಎಲ್ಲರಿಗಿಂತ ಮೊದಲು ಬಾಯಿ ಹಾಕುವವನು. ನೀರಾ? ಚಹಾನಾ? ಟೀವಿ ಹಚ್ಚಲಾ? ಅವಳು ಒಲ್ಲೆ ಎಂದು ತಲೆ ಅಲ್ಲಾಡಿಸುತ್ತಾಳೆ, ಕೊನೆಗೆ ಸಾಕಾಗಿ ಹೂಂ ಅನ್ನುತ್ತಾಳೆ. ಬೇಡದ ಚಹಾ ಎಷ್ಟು ಕುಡಿದಿದ್ದಾಳೋ ಅವಳಿಗೇ ಗೊತ್ತು.

ಚಿಕ್ಕವಳಿದ್ದಾಗ ಬಜೆ ಬೇರು ತೇಯ್ದು ನಾಲಿಗೆಗೆ ಸವರಿದ್ದರು. ಒಬ್ಬ ಡಾಕ್ಟರು, ಡೌನ್ ಸಿಂಡ್ರೋಮ್ ಇದ್ದವರ ಮಾತೇ ಹೀಗೆ, ಸುಮ್ಮನೆ ಅಲೆಯಬೇಡಿ ಅಂದಿದ್ದರು. ಅದೊಂದು ಮಾತು ಸಿಕ್ಕಿದ್ದೇ ತಡ, ಮನೆಯವರು ಅದನ್ನೇ ಮುಚ್ಚಳ ಮಾಡಿಕೊಂಡು ಕುಳಿತರು.

ಶಶಿಕಾಂತನಿಗೆ ಮೇಡ್ಲೇರಿಯ ಭುವನಾ ಎಂಬ ಹುಡುಗಿ ನಿಶ್ಚಯವಾದ ದಿನ ನಾನು ಅಲ್ಲೇ ಇದ್ದೆ. ಎಲ್ಲರೂ ಪೇಡೆ ತಿನ್ನುತ್ತಿರುವಾಗ ಕಾವ್ಯಾ ಶಶಿಯ ಅಂಗಿ ಹಿಡಿದು ಜಗ್ಗಿದಳು.

"ಬ... ಬ... ಬ..."

"ಬಾಳೆಹಣ್ಣಾ? ಅವ್ವಾ, ಕಾವ್ಯಾಗ ಬಾಳೆಹಣ್ಣು ಕೊಡು" ಅಂದ ಶಶಿ.

ಅವಳು ತಲೆ ಕೊಡವಿ ಮೊದಲಿನಿಂದ ಶುರು ಮಾಡಿದಳು. ಇದು ಅವಳ ಹುಟ್ಟುಗುಣ. ನಡುವೆ ಯಾರಾದರೂ ಬಾಯಿ ಹಾಕಿದರೆ ಬಿಟ್ಟಲ್ಲಿಂದ ಮುಂದುವರಿಸುವುದಿಲ್ಲ, ಮತ್ತೆ ಮೊದಲ ಅಕ್ಷರಕ್ಕೇ ಹೋಗುತ್ತಾಳೆ. ಶಶಿ ಮತ್ತೆ ಏನೋ ಅಂದ. ಅವಳು ಮತ್ತೆ ಶುರು ಮಾಡಿದಳು. ನಾನು ಶಶಿಯ ಬಾಯಿಗೆ ಇಡೀ ಪೇಡೆ ತುರುಕಿದೆ. ಆಗ ಬಂತು ಮಾತು.

"ಬಾಗಲಾ ನಾ ಹಿ... ಹಿಡೀತೀನಿ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಅಣ್ಣ ಕೆಮ್ಮಿದ. "ನೋಡೂಣವಾ" ಅಂದ. ನಮ್ಮ ಅಣ್ಣನ 'ನೋಡೂಣ' ಎಂದರೆ ಏನು ಅಂತ ಬ್ಯಾಡಗಿಯ ರೈತರೆಲ್ಲ ಬಲ್ಲರು.

ಅವನು ನೋಡುವವರೆಗೆ ಕಾಯುತ್ತ ಕೂರುವವಳು ನಾನಲ್ಲ. ಮುಂದಿನ ವಾರವೇ ಕಾವ್ಯಾಳನ್ನು ಹಾವೇರಿಗೆ ಕರೆದುಕೊಂಡು ಹೋದೆ. ಅಲ್ಲಿ ಒಂದು ಔಷಧ ಅಂಗಡಿಯ ಮೇಲಿನ ಕೋಣೆಯಲ್ಲಿ ಶಬನಮ್ ಎಂಬ ಹುಡುಗಿ ಮಾತಿನ ಚಿಕಿತ್ಸೆ ಮಾಡುತ್ತಾಳೆ. ಹಾವೇರಿಯವಳೇ, ಮೈಸೂರಿನಲ್ಲಿ ಓದಿ ಬಂದವಳು.

"ಇಷ್ಟ ದಿನ ಯಾಕ ತೋರಿಸಿಲ್ರೀ?" ಎಂದು ಕೇಳಿದಳು.

"ಡೌನ್ ಸಿಂಡ್ರೋಮ್ ಇದ್ದವರದು ಹಿಂಗ ಇರತೈತಿ ಅಂದಿದ್ರು."

"ಅಂಥವರಿಗೆ ಜ್ವರ ಬಂದ್ರ ಗುಳಿಗಿ ಕೊಡ್ತೀರಿಲ್ಲೋ? ಅದು ಬ್ಯಾರೆ, ಉಗ್ಗು ಬ್ಯಾರೆ. ಎರಡೂ ಒಬ್ಬಾಕಿಗೆ ಅದಾವು, ಅಷ್ಟ. ಒಂದು ಐತಿ ಅಂತ ಇನ್ನೊಂದನ್ನ ಬಿಟ್ಟು ಕುಂದ್ರೂದು ಯಾವ ನ್ಯಾಯ?"

ಅಷ್ಟು ಹೇಳಿ ನನ್ನ ಕಡೆಯಿಂದ ಮುಖ ತಿರುಗಿಸಿ ಕಾವ್ಯಾಳ ಎದುರು ಕುಳಿತಳು. ಆಮೇಲೆ ಕೇಳಿದ್ದನ್ನೆಲ್ಲ ಅವಳನ್ನೇ ಕೇಳಿದಳು. ಇಪ್ಪತ್ನಾಲ್ಕು ವರ್ಷದಲ್ಲಿ ಯಾವ ಡಾಕ್ಟರೂ ಹಾಗೆ ಮಾಡಿರಲಿಲ್ಲ. ಎಲ್ಲರೂ ನಮ್ಮನ್ನೇ ಕೇಳುತ್ತಿದ್ದರು. ನಾವೂ ಹೇಳುತ್ತಿದ್ದೆವು. ನನಗೆ ನಾಚಿಕೆಯಾಯಿತು.

ಮೊದಲು ಕಿವಿ ತೋರಿಸಿಕೊಂಡು ಬನ್ನಿ ಅಂದಳು. ತೋರಿಸಿದರೆ ಎಡಗಿವಿ ಅರ್ಧಕ್ಕರ್ಧ ಕೇಳುವುದಿಲ್ಲ! ಬಲಗಡೆ ಕುಳಿತು ಮಾತಾಡಬೇಕು, ಒಂದು ಸಲಕ್ಕೆ ಒಂದೇ ಮಾತು ಹೇಳಬೇಕು, ಚಿತ್ರ ತೋರಿಸುತ್ತ ಕಲಿಸಬೇಕು, ದಣಿದಳೆಂದರೆ ನಿಲ್ಲಿಸಬೇಕು. ಹೀಗೆ ಅವಳಿಗೆ ಒಗ್ಗುವಂತೆ ಶಬನಮ್ ಎಲ್ಲವನ್ನೂ ಹೊಂದಿಸಿಕೊಂಡಳು. ಮಾತು ಹಿಡಿದಾಗ ಜೋರು ಮಾಡಿ ನೂಕಬಾರದು, ಉಸಿರು ಬಿಟ್ಟು ಮೆಲ್ಲಗೆ ತೇಲಿಸಬೇಕು ಎಂದು ತೋರಿಸಿದಳು. ಗರಿ ಊದಿ, ಸಾಬೂನಿನ ಗುಳ್ಳೆ ಊದಿ ಇಬ್ಬರೂ ನಕ್ಕಿದ್ದೇ ನಕ್ಕಿದ್ದು.

"ಉಗ್ಗು ಪೂರಾ ಹೋಗ್ತೈತಾ?" ಎಂದು ನಾನು ಕೇಳಿದೆ.

"ಹಂಗ ಹೇಳಿ ನಾ ನಿಮ್ಮನ್ನ ಮಳ್ಳ ಮಾಡಂಗಿಲ್ರೀ. ಉಗ್ಗಿದ್ರೂ ಹೇಳೂದನ್ನ ಆಕಿ ಬಿಡಬಾರದು. ಅದಕ್ಕ ಆಕಿ ಒಬ್ಬಾಕಿ ಕಲತ್ರ ಸಾಲೂದಿಲ್ಲ, ಮನ್ಯಾಗ ಎಲ್ಲಾರೂ ಕಲೀಬೇಕು. ಆಕಿ ಮಾತು ನೀವು ಮುಗಸಬ್ಯಾಡ್ರಿ. ಸಾವಕಾಶ ಹೇಳು ಅಂತನೂ ಅನಬ್ಯಾಡ್ರಿ. ಮುಖ ನೋಡಕೋಂತ ಕಾಯ್ರಿ. ಮನ್ಯಾಗಿನ ಒಂದ್ ಸಾಮಾನು ಇಟ್ಕೋರಿ. ಅದು ಯಾರ ಕೈಯಾಗ ಇರತೈತೋ ಮಾತು ಅವರ ಪಾಳಿ."

ಯಾವ ಸಾಮಾನು ಎಂದು ಕೇಳಿದಾಗ ಕಾವ್ಯಾ ಒಂದಿಷ್ಟೂ ಉಗ್ಗದೆ "ಲಟ್ಟಣಿಗಿ" ಅಂದಳು. ಚಪಾತಿ ಲಟ್ಟಿಸುವುದು ಆ ಮನೆಯಲ್ಲಿ ಅವಳದೇ ಕೆಲಸ. ಅಷ್ಟು ತೆಳ್ಳಗೆ, ಅಷ್ಟು ದುಂಡಗೆ ನನಗೂ ಬರುವುದಿಲ್ಲ.

ಲಟ್ಟಣಿಗೆಯ ಆಳ್ವಿಕೆ ಅಣ್ಣನ ಮನೆಯಲ್ಲಿ ಒಂದು ವಾರ ನಡೆಯಿತು ಅಂತ ಇಟ್ಟುಕೊಳ್ಳಿ. ಊಟಕ್ಕೆ ಕುಳಿತಾಗ ಅದು ಕೈಯಿಂದ ಕೈಗೆ ಹೋಗುತ್ತಿತ್ತು. ವೈನಿ, ಅಂದರೆ ಅಣ್ಣನ ಹೆಂಡತಿ ಪ್ರೇಮವ್ವ, ಅದನ್ನು ಹಿಡಿದಾಗಲೆಲ್ಲ ಗಂಡನ ಮೇಲಿನ ದೂರುಗಳನ್ನು ಸಾವಕಾಶವಾಗಿ ಬಿಚ್ಚತೊಡಗಿದ್ದರಿಂದ ಅಣ್ಣನಿಗೆ ಈ ಚಿಕಿತ್ಸೆಯ ಮೇಲೆ ನಂಬಿಕೆ ಕಡಿಮೆಯಾಯಿತು. ಅಷ್ಟರಲ್ಲಿ ಫೋನು ಬರುವುದು, ಕ್ವಿಂಟಲ್ ದರ ಏರಿತು ಇಳಿಯಿತು ಎಂದು ಗುಲ್ಲೆಬ್ಬುವುದು. ಲಟ್ಟಣಿಗೆ ಮತ್ತೆ ಅಡುಗೆಮನೆಗೆ ಹೋಯಿತು. ಕಾವ್ಯಾ ಮಾತ್ರ ಬಿಡಲಿಲ್ಲ. ಹಾವೇರಿಗೆ ಬರುವಾಗಲೂ ಅದನ್ನು ಚೀಲದಲ್ಲಿ ಹಾಕಿಕೊಂಡು ಬರುವಳು.

ವಾರಕ್ಕೊಮ್ಮೆ ನಾನು ರಾಣೆಬೆನ್ನೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಶಶಿ ಅವಳನ್ನು ಬೈಕಿನ ಮೇಲೆ ಮೋಟೆಬೆನ್ನೂರಿಗೆ ತಂದು ಅದೇ ಬಸ್ಸಿಗೆ ಹತ್ತಿಸುತ್ತಿದ್ದ. ಹೆಂಗಸರಿಗೆ ಟಿಕೀಟು ಪುಕ್ಕಟೆ, ಆದರೆ ಆಧಾರ್ ತೋರಿಸಿ ಊರಿನ ಹೆಸರು ಹೇಳಬೇಕು. ಹಾವೇರಿ ಎಂದು ಕಂಡಕ್ಟರಿಗೆ ಕಾವ್ಯಾಳೇ ಹೇಳಬೇಕು, ನೀವು ತುಟಿ ಬಿಚ್ಚಬಾರದು ಎಂದು ಶಬನಮ್ ನನಗೆ ಕಟ್ಟಪ್ಪಣೆ ಮಾಡಿದ್ದಳು. ನನಗೆ, ತುಟಿ ಬಿಚ್ಚಬಾರದಂತೆ!

"ಹಾ... ಹಾ... ಹಾ..."

"ಹಾವೇರಿ ಅಂತ್ರೀ" ಅಂದ ಹಿಂದಿನ ಸೀಟಿನವನು.

ಅವಳು ಅವನ ಕಡೆ ಕೆಕ್ಕರಿಸಿ ನೋಡಿ ಮೊದಲಿನಿಂದ ಶುರು ಮಾಡಿದಳು. "ಗೊತ್ತಾತವ್ವ, ಹಾವೇರಿ" ಅಂದ ಕಂಡಕ್ಟರು. ಮತ್ತೆ ಮೊದಲಿನಿಂದ. ಮುಂದೆ ಕುಳಿತ ಅಜ್ಜಿ, "ಪಾಪ, ಬಿಡಪಾ" ಅಂದಳು. ಮತ್ತೆ ಮೊದಲಿನಿಂದ. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದೆ. ಕೊನೆಗೆ ಕಂಡಕ್ಟರು ಸೋತು ಕಂಬಕ್ಕೆ ಒರಗಿ ನಿಂತ. ಬಸ್ಸು ಸುಮ್ಮನಾಯಿತು. "ಹಾ... ವೇರಿ" ಎಂದಳು, ಮೆಲ್ಲಗೆ ತೇಲಿಸಿ. ಟಿಕೀಟು ಕೈಗೆ ಬಂದಾಗ ಅವಳ ಮುಖ ನೋಡಬೇಕಿತ್ತು. ಬರಬರುತ್ತ ಆ ಕಂಡಕ್ಟರೇ ಅವಳ ಸೀಟಿನ ಹತ್ತಿರ ಬಂದಾಗ ಉಳಿದವರಿಗೆ, "ಯಾರೂ ನಡಕ ಬಾಯಿ ಹಾಕಬ್ಯಾಡ್ರಿ, ನನ್ನ ಟೈಮ್ ಹಾಳಾಗತೈತಿ" ಎಂದು ಎಚ್ಚರಿಸತೊಡಗಿದ.

ಇದೆಲ್ಲ ನೋಡಿ ನನಗೂ ಹುರುಪು ಬಂದು ಒಂದು ಜಾಣತನ ಮಾಡಲು ಹೋದೆ. ಬಾಗಿಲಲ್ಲಿ ಕೇಳಲೆಂದು ಒಂದು ಪದ ಕಟ್ಟಿದೆ.

ಹೊನ್ನು ಬ್ಯಾಡ, ಸೀರಿ ಬ್ಯಾಡ, ಹಾದಿ ಬಿಡೂದಿಲ್ಲ,
ಹೆಣ್ಣು ಕೊಡ್ತೇನನ್ನೂತನಕಾ ಕದಾ ತೆರಿಯೂದಿಲ್ಲ!

ಬಸ್ಸಿನಲ್ಲಿ ಹೋಗುತ್ತ ಬರುತ್ತ ಹೇಳಿಕೊಟ್ಟೆ. ಏನಾಶ್ಚರ್ಯ! ಕೈ ತಟ್ಟುತ್ತ ತಾಳಕ್ಕೆ ಸರಿಯಾಗಿ ಒಂದು ಅಕ್ಷರವೂ ತಡೆಯದೆ ಹೇಳಿಬಿಟ್ಟಳು. ನಾನು ಆಗಲೇ ಅಣ್ಣನಿಗೆ ಫೋನು ಹಚ್ಚಿ, "ಉಗ್ಗು ಹೋತು!" ಎಂದು ಕೂಗಿದೆ.

ಮದುವೆಯ ಜವಳಿ ತರಲು ಎಲ್ಲರೂ ರಾಣೆಬೆನ್ನೂರಿಗೆ ಬಂದರು. ಸೀರೆ ಅಂಗಡಿಯ ಗಾದಿಯ ಮೇಲೆ ಬೀಗರು, ಬಂಧುಗಳು ತುಂಬಿದ್ದರು. ನಾನು ಹುಬ್ಬು ಹಾರಿಸಿದೆ. ಕಾವ್ಯಾ ಎದ್ದು ನಿಂತು ಪದ ಹೇಳಿದಳು. ಅಂಗಡಿಯವರೂ ಚಪ್ಪಾಳೆ ತಟ್ಟಿದರು. ಅಣ್ಣನಿಗಂತೂ ಹಿಗ್ಗು ಹೇಳತೀರದು. "ಬೇಷ್ ನನ್ನವ್ವ! ನಿನಗ ಯಾವ ಸೀರಿ ಬೇಕೋ ಹೇಳು, ರೇಟ್ ಕೇಳೂದಿಲ್ಲ" ಅಂದ.

ಅವಳು ಸೀರೆಗಳ ರಾಶಿಯ ಕಡೆ ಕೈ ಮಾಡಿ ಬಾಯಿ ತೆರೆದಳು. ಹಿಡಿದುಕೊಂಡಿತು. ಕಣ್ಣು ಮುಚ್ಚಿದಳು, ಕಾಲು ಬಡಿದಳು. ಅಂಗಡಿಯವನು ಹಸಿರು, ನೀಲಿ, ಕೆಂಪು ಎಲ್ಲವನ್ನೂ ಬಿಚ್ಚಿ ಬಿಚ್ಚಿ ಮುಂದೆ ಹಾಕಿದ. ಎಲ್ಲರೂ ಒಂದೊಂದು ಬಣ್ಣ ಹೇಳಿದರು. ಅವಳು ಪ್ರತಿ ಸಲವೂ ಮೊದಲಿನಿಂದ ಶುರು ಮಾಡಿದಳು. ಬೀಗರ ಕಡೆಯ ಯಾರೋ ಕಿಸಕ್ಕನೆ ನಕ್ಕರು. ಅಣ್ಣನ ಮುಖ ಬಾಡಿಹೋಯಿತು.

ವಾಪಸ್ ಹೋಗುವಾಗ ಕಾರಿನಲ್ಲಿ ಅವನು ಕಡ್ಡಿ ಮುರಿದಂತೆ ಮಾತಾಡಿದ. ಶಶಿ ಕಾರು ನಡೆಸುತ್ತಿದ್ದ, ಕಾವ್ಯಾ ಅವನ ಪಕ್ಕದಲ್ಲಿ ಕುಳಿತಿದ್ದಳು. ಹಿಂದೆ ಅಣ್ಣ, ವೈನಿ, ನಾನು.

"ಬ್ಯಾಡ ನಾಗಲಕ್ಷ್ಮಿ. ಪ್ರೇಮಾನ ತಂಗಿ ಮಗಳು ಮಾಲತಿ ನಿಲ್ಲಲಿ ಬಾಗಲದಾಗ. ಪದಾ ಹೇಳಿದ್ರೂ ಇಕಿ ಏನಂತ ಕೇಳಾಕಿ? ನನ್ನ ಮಗಗ ಹೆಣ್ಣು ಕೊಡು ಅಂತ? ಇಕಿಗೆಲ್ಲಿ ಮದಿವಿ, ಎಲ್ಲಿ ಮಗ? ಮಂದ್ಯಾಗ ನಗೆಪಾಟಲಾಗೂದು ನನ್ನ ಕೈಲೆ ನೋಡಾಕ ಆಗೂದಿಲ್ಲ."

ವೈನಿ ಅಳತೊಡಗಿದಳು. "ನಾವಿರೂತನಕ ಹೆಂಗೋ ನಡೀತೈತಿ. ನಮ್ಮ ಹಿಂದ ಇಕಿ ಗತಿ ಏನು? ಬರೂ ಹುಡುಗಿ ಎಂಥಾಕಿ ಇರತಾಳೋ."

"ಧಾರವಾಡದ ಕಡೆ ಇಂಥವರನ್ನ ಇಟ್ಕೊಳ್ಳೂ ಆಶ್ರಮ ಅದಾವಂತ. ಮುಂದ ನೋಡಿದ್ರಾತು" ಅಂದ ಅಣ್ಣ.

ಶಶಿ ಗೇರು ಬದಲಿಸಿದ, ಅಷ್ಟೇ. ನಾನು ಅಣ್ಣನ ತೊಡೆ ಚಿವುಟಿ ಮುಂದೆ ಕಣ್ಣು ತೋರಿಸಿದೆ. "ಆಕಿಗೆ ಅದೆಲ್ಲ ಎಲ್ಲಿ ತಿಳೀತೈತಿ" ಎಂದ. ಕಾವ್ಯಾ ರಸ್ತೆ ನೋಡುತ್ತ ಕುಳಿತಿದ್ದಳು. ಅವಳ ಒಳ್ಳೆಯ ಕಿವಿ ನಮ್ಮ ಕಡೆಗೇ ಇತ್ತು.

ಮರುವಾರ ಶಬನಮ್‌ಗೆ ಎಲ್ಲ ಹೇಳಿ, "ಪದಾ ಬರತೈತಿ, ಮಾತು ಯಾಕ ಬರವಲ್ದು?" ಎಂದು ರೇಗಿದೆ.

"ಹಾಡಿನ್ಯಾಗ, ಬಾಯಿಪಾಠದಾಗ ಬಹಳ ಮಂದಿಗೆ ಉಗ್ಗು ಬರಂಗಿಲ್ರೀ. ಅದನ್ನ ನೋಡಿ ಗುಣ ಆತು ಅಂತ ತಿಳಕೊಂಡ್ರಿ. ಅದು ನಿಮ್ಮ ಪದಾ, ಆಕಿ ಮಾತಲ್ಲ." ಆಮೇಲೆ ಕಾವ್ಯಾಳ ಬಲಕ್ಕೆ ಸರಿದು ಕೇಳಿದಳು, "ಬಾಗಲದಾಗ ನಿಂತು ಅಣ್ಣನ್ನ ನೀ ಏನ ಕೇಳಬೇಕಂತ ಮಾಡೀದಿ?"

ಕಾವ್ಯಾ ಚೀಲದಿಂದ ಲಟ್ಟಣಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ನನ್ನ ಕಡೆ ನೋಡಿದಳು.

"ಅತ್ತಿ ಹ... ಹೊರಗ."

ನನ್ನನ್ನು ಹೊರಗೆ ಹಾಕಿದಳು! ಕೇಳಿ ಪಡೆದ ಹುಡುಗಿ! ಹೊರಗಿನ ಬೆಂಚಿನ ಮೇಲೆ ಕುಳಿತು ಕುದಿದೆ. ಒಳಗಿನಿಂದ ಕಾಲು ನೆಲಕ್ಕೆ ಬಡಿಯುವ ಸದ್ದು ಬರುತ್ತಿತ್ತು. ಆಮೇಲೆ ಬಾಗಿಲು ತೆರೆಯಿತು. ಶಬನಮ್‌ಳ ಕಣ್ಣು ಒದ್ದೆಯಾಗಿದ್ದವು.

"ಏನಂದ್ಲು?"

"ನನ್ನ ಪಾಳಿ ಅಲ್ರೀ ಅದು. ಆಕಿ ಪಾಳಿ" ಅಂದಳು. "ನೀವು ಒಂದ ಕೆಲಸ ಮಾಡ್ರಿ. ಆ ದಿನ ಆಕಿ ಬಾಗಲದಾಗ ನಿಂತಿರೂ ಹಂಗ ನೋಡ್ಕೋರಿ. ಉಳಿದದ್ದು ಆಕಿ ಮಾಡ್ತಾಳ."

ಅಂದಿನಿಂದ ಮದುವೆಯವರೆಗೂ ಅವರಿಬ್ಬರೂ ಅದನ್ನೇ ಅಭ್ಯಾಸ ಮಾಡಿದರು. ನಾನು ಬೆಂಚಿನ ಮೇಲೆ ಕುಳಿತು ಬ್ಲೌಸುಗಳಿಗೆ ಹುಕ್ಕು ಹಚ್ಚಿದೆ. ಒಂದು ಸಲವೂ ಬಾಗಿಲಿಗೆ ಕಿವಿಗೊಡಲಿಲ್ಲ. ನಂಬುವವರು ನಂಬಿ.

ಮದುವೆ ರಾಣೆಬೆನ್ನೂರಿನ ಕಲ್ಯಾಣಮಂಟಪದಲ್ಲಾಯಿತು. ಸಂಜೆ ಸೂರ್ಯ ಮುಳುಗುವುದರೊಳಗೆ ಬ್ಯಾಡಗಿಯಲ್ಲಿ ಮನೆ ತುಂಬಿಸಿಕೊಳ್ಳಬೇಕು ಎಂದು ಐನೋರು ಹೇಳಿದ್ದರು. ಊಟ ಮುಗಿದದ್ದೇ ನಾನು ತಲೆನೋವು ಎಂದು ನೆಪ ಹೇಳಿ ಕಾವ್ಯಾಳೊಂದಿಗೆ ಮೊದಲ ಗಾಡಿ ಹತ್ತಿದೆ. ಮದುಮಕ್ಕಳ ಕಾರು ಬರುವಷ್ಟರಲ್ಲಿ ಅವಳು ಹೊಸ್ತಿಲ ಒಳಗೆ ನಿಂತಾಗಿತ್ತು. ಉಟ್ಟಿದ್ದು ನೇರಳೆ ಬಣ್ಣದ ಸೀರೆ. ಅಂಗಡಿಯಲ್ಲಿ ಯಾರೂ ಹೇಳದೇ ಉಳಿದ ಬಣ್ಣ ಅದು. ಮರುವಾರ ಅವಳು ಪೂರಾ ಹೇಳುವವರೆಗೆ ಕಾದು ನಾನೇ ಕೊಡಿಸಿದ್ದೆ. ಒಂದು ಕೈ ಬಾಗಿಲ ಚೌಕಟ್ಟಿನ ಮೇಲೆ, ಇನ್ನೊಂದರಲ್ಲಿ ಲಟ್ಟಣಿಗೆ.

"ಹೊಡಿಯಾಕಿ ಏನವಾ ಅಣ್ಣನ್ನ?" ಎಂದು ಮಂದಿ ನಕ್ಕರು. ಮಾಲತಿ ಬಂದಳು. ಒಳ್ಳೆಯ ಹುಡುಗಿ. ಕಾವ್ಯಾಳ ಮುಖವನ್ನು ಒಮ್ಮೆ ನೋಡಿ, "ನಾ ಆರತಿ ತಾಟು ಹಿಡೀತೀನಿ" ಎಂದು ಪಕ್ಕಕ್ಕೆ ಸರಿದಳು. ಅಣ್ಣ ಬೆವರು ಒರೆಸಿಕೊಳ್ಳುತ್ತ ಮುಂದೆ ಬಂದ. ನಾನು ಅವನ ಎದುರು ನಿಂತೆ.

"ಅಣ್ಣಾ, ನಾ ಈ ಬಾಗಲದಾಗ ಮಗಳನ್ನ ಬೇಡಿದಾಗ ಕೊಟ್ಟೆ ಅಂದಿದ್ದಿಲ್ಲೋ? ಇಕಿ ನನ್ನಾಕಿ. ಸರಿ ಅತ್ತಾಗ."

ಸರಿದ.

ಬ್ಯಾಂಡಿನವರು ನಿಲ್ಲಿಸಿದರು. ಶಶಿ ಮತ್ತು ಭುವನಾ ಹೊಸ್ತಿಲ ಎದುರು ನಿಂತರು. ಕಾವ್ಯಾ ಶಶಿಯನ್ನು ನೋಡಿದಳು. ಉಸಿರು ಬಿಟ್ಟಳು.

"ಅ... ಅ... ಅ..."

"ಹೆಣ್ಣು ಕೊಡು ಅನ್ನವಾ!" ಎಂದರು ಯಾರೋ.

ಮೊದಲಿನಿಂದ. "ಅ... ಅ..."

"ಆತು, ಕೊಡ್ತೀನಿ ತಂಗಿ, ಹೆಣ್ಣು ಕೊಡ್ತೀನಿ" ಎಂದ ಶಶಿ, ನಗುತ್ತ. ಅವಳು ತಲೆ ಕೊಡವಿದಳು. ಮತ್ತೆ ಮೊದಲಿನಿಂದ. "ಹೊತ್ತು ಹೊಂಟೈತಿ, ಲಗೂ ಮುಗಸ್ರಿ" ಎಂದರು ಐನೋರು. ಮತ್ತೆ ಮೊದಲಿನಿಂದ. ನನಗೆ ತಡೆಯಲಾಗಲಿಲ್ಲ. ಮಂದಿಯ ಕಡೆ ತಿರುಗಿ ಒದರಿದೆ, "ನೀವು ಬಾಯಿ ಹಾಕಿದಷ್ಟೂ ತಡಾ ಆಗತೈತಿ! ಇಡೀ ರಾತ್ರಿ ಇಲ್ಲೇ ನಿಂದರೂದಿದ್ರ ಮಾತಾಡ್ರಿ!"

ಓಣಿ ಸುಮ್ಮನಾಯಿತು. ಕಾವ್ಯಾ ಕಣ್ಣು ಮುಚ್ಚಲಿಲ್ಲ, ಕಾಲೂ ಬಡಿಯಲಿಲ್ಲ. ಅಕ್ಷರ ಹಿಡಿದಲ್ಲಿ ನಿಂತಳು, ಉಸಿರು ಬಿಟ್ಟಳು, ಮತ್ತೆ ಮುಂದೆ ಹೋದಳು. ಹೀಗೆ ಒಂದೊಂದೇ ಮಾತು ಹೊರಗೆ ಬಂತು.

"ಅಣ್ಣಾ. ಅ... ಅಪ್ಪ ಅವ್ವ ಸ... ಸತ್ತ ಮ್ಯಾಲ... ನಾ... ನಾ ಎಲ್ಲಿರಬೇಕು?"

ಮನೆ ತುಂಬಿಸಿಕೊಳ್ಳುವ ಹೊತ್ತಿನಲ್ಲಿ ಅಂಥ ಮಾತು! ಹೆಂಗಸರು ಬಾಯಿಗೆ ಕೈ ಇಟ್ಟುಕೊಂಡರು. "ಶಿವಶಿವಾ" ಎಂದರು ಐನೋರು. ವೈನಿ ಕಂಬ ಹಿಡಿದಳು. ಅಣ್ಣ ನೆಲ ನೋಡಿದ. ಬಹುಶಃ ಅವನಿಗೂ ಆ ಕಾರು, ಆ ಧಾರವಾಡ ನೆನಪಾಗಿರಬೇಕು. ನನಗೆ ಆಗ ತಿಳಿಯಿತು. ಬಾಗಿಲು ಬೇಕು, ಬಾಗಿಲು ಬೇಕು ಎಂದು ಇಷ್ಟು ತಿಂಗಳು ಅವಳು ಹಟ ಹಿಡಿದದ್ದು ಇದಕ್ಕೆ. ಉತ್ತರ ಕೊಡದೆ ಯಾರೂ ಎದ್ದು ಹೋಗಲಾಗದ ಜಾಗ ಆ ಮನೆಯಲ್ಲಿ ಅದೊಂದೇ ಇತ್ತು.

ಶಶಿ ಬಾಯಿ ತೆರೆದ. ಎರಡು ಫೋನಿನಲ್ಲಿ ಒಟ್ಟಿಗೇ ವ್ಯಾಪಾರ ಮಾಡುವವನ ಗಂಟಲು ಹಿಡಿದುಕೊಂಡಿತು. "ನಾ..." ಎಂದ. "ನಾ... ನೀ..." ಹಿಂದಿನಿಂದ ಅವನ ಸೋದರಮಾವ, "ನೋಡ್ಕೋತೀನಿ ಅಂದುಬಿಡಪಾ, ಮುಗೀತು" ಎಂದ.

ಕಾವ್ಯಾ ಆ ಸೋದರಮಾವನ ಕಡೆ, ಬಸ್ಸಿನಲ್ಲಿ ಹಿಂದಿನ ಸೀಟಿನವನನ್ನು ನೋಡುವಂತೆ ನೋಡಿದಳು. ಆಮೇಲೆ ಕೈಯಲ್ಲಿದ್ದ ಲಟ್ಟಣಿಗೆಯನ್ನು ಶಶಿಯ ಕೈಯಲ್ಲಿಟ್ಟಳು.

"ನಿನ್ನ ಪಾ... ಪಾಳಿ" ಎಂದಳು. ಲಗೂ ಹೇಳು ಅನ್ನಲಿಲ್ಲ, ಸಾವಕಾಶ ಹೇಳು ಅಂತಲೂ ಅನ್ನಲಿಲ್ಲ. ಅವನ ಮುಖ ನೋಡುತ್ತ ಕಾದಳು.

ಬಾಸಿಂಗ ಕಟ್ಟಿಕೊಂಡವನು ಲಟ್ಟಣಿಗೆ ಹಿಡಿದು ಅತ್ತುಬಿಟ್ಟ. ಅವಳು ಕಾದಳು. ಅವನು ಮೂಗು ಒರೆಸಿಕೊಂಡ. ಅವಳು ಕಾದಳು.

"ಇಲ್ಲೇ" ಎಂದ ಕೊನೆಗೆ. "ಈ ಮನ್ಯಾಗ. ನನ್ನ ಕೂಡ. ಎಲ್ಲಿಗೂ ಕಳಸೂದಿಲ್ಲ."

ಭುವನಾ ಕೈ ಚಾಚಿ ಲಟ್ಟಣಿಗೆಯ ಇನ್ನೊಂದು ತುದಿ ಹಿಡಿದಳು. ಅವಳ ಬಳೆ ಸಣ್ಣಗೆ ಸದ್ದು ಮಾಡಿದವು. "ನಂದೂ ಪಾಳಿ ಐತಿಲ್ಲೋ?" ಎಂದಳು. "ನಮ್ಮ ಕೂಡ ಇರು ಕಾವ್ಯಾ. ನನಗ ಚಪಾತಿ ದುಂಡಗ ಬರಂಗಿಲ್ಲ, ನೀ ಕಲಸಬೇಕು."

ಆ ಹುಡುಗಿಯ ಬಗ್ಗೆ ನನಗಿದ್ದ ಅನುಮಾನವೆಲ್ಲ ಅಲ್ಲಿಗೇ ತೀರಿತು. ಓಣಿಯಲ್ಲಿ ಅಳದವರೇ ಇರಲಿಲ್ಲ. ಅಣ್ಣ ಹೆಗಲ ಟವೆಲ್‌ನಿಂದ ಮುಖ ಮುಚ್ಚಿಕೊಂಡಿದ್ದ. ಮಾಲತಿ ಆರತಿ ಎತ್ತಿದಳು. ಐನೋರು ಕನ್ನಡಕ ಒರೆಸಿಕೊಂಡು, "ಬಲಗಾಲು ಮೊದಲ ಇಡವ್ವ" ಎಂದರು. ಭುವನಾ ಕಾಲೆತ್ತಿದಳು.

ಕಾವ್ಯಾ ಕದಲಲಿಲ್ಲ. ಚೌಕಟ್ಟಿನ ಮೇಲಿನ ಕೈ ಅಲ್ಲೇ ಇತ್ತು.

"ಹೆ... ಹೆಸರು" ಎಂದಳು. "ಒ... ಒಡಪಾ ಹಾಕಿ."

ಭುವನಾ ಕಾಲು ಕೆಳಗಿಟ್ಟಳು. ಲಟ್ಟಣಿಗೆ ಈಗ ಅವಳ ಕೈಯಲ್ಲಿತ್ತು. ತಿಂಗಳಿಂದ ಬಾಯಿಪಾಠ ಮಾಡಿದ್ದ ಒಡಪು ಅತ್ತ ಭರಕ್ಕೆ ಮರೆತೇಹೋಗಿತ್ತು. ತುಟಿ ಅಲುಗಿಸಿದಳು, ನಿಂತಳು, ಮತ್ತೆ ಶುರು ಮಾಡಿದಳು. ಹೊತ್ತು ಮುಳುಗುತ್ತಿತ್ತು. ಇಡೀ ಓಣಿ ಅವಳ ಮುಖ ನೋಡುತ್ತ ಕಾದು ನಿಂತಿತು, ಒಬ್ಬರೂ ಹೇಳಿಕೊಡಲಿಲ್ಲ.